ನೆರೆಯ ಶಾಲೆಯ ಬಾಗಿಲು

ಮೇ ತಿಂಗಳು ಮುಗಿದು ಮುಂಗಾರಿನ ಮೊದಲ ಮೋಡಗಳು ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ಸರ್ಕಾರಿ ಪಾಠಶಾಲೆಗಳಲ್ಲಿ ವರ್ಷಕ್ಕೊಮ್ಮೆ ಒಂದು ಸಣ್ಣ ಹಬ್ಬ ನಡೆಯುತ್ತದೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಹೊಸದಾಗಿ ಸೇರಿದ ಮಕ್ಕಳ ಕೈಗೆ ಹೂವು, ಪುಸ್ತಕ, ಮಧ್ಯಾಹ್ನದ ಊಟದೊಡನೆ ಒಂದು ಸಿಹಿ. ಇಲಾಖೆಯವರು ಇದಕ್ಕೆ ಕೊಟ್ಟಿರುವ ಹೆಸರು ‘ಶಾಲಾ ಪ್ರಾರಂಭೋತ್ಸವ’. ಕೂಲಿಮಠದ ಕಥೆಗಳನ್ನು ಹಿರಿಯರ ಬಾಯಲ್ಲಿ ಕೇಳಿದವರಿಗೆ ಈ ದೃಶ್ಯ ಸೋಜಿಗವೆನಿಸದಿರದು. ಆ ಕಾಲದಲ್ಲಿ ಮಠಕ್ಕೆ ಬಾರದ ಹುಡುಗನನ್ನು ನಾಲ್ವರು ಗಟ್ಟಿ ಹುಡುಗರು ಕೈಕಾಲು ಹಿಡಿದು ಹೊತ್ತು ತರುತ್ತಿದ್ದರಂತೆ. ಈಗ ಮಠವೇ ತೋರಣ ಕಟ್ಟಿಕೊಂಡು ಹುಡುಗನ ಹಾದಿಯನ್ನು ಕಾಯುತ್ತಿದೆ. ಕಾಲ ಸುಧಾರಿಸಿತೆಂದು ಸಂತೋಷಪಡಬೇಕಾದ ವಿಷಯವೇ. ಆದರೆ ಹಬ್ಬ ಮುಗಿದು ತೋರಣ ಬಾಡಿದ ಮೇಲೆ ಉಳಿಯುವ ಪ್ರಶ್ನೆಗಳು ಎರಡು: ಬಂದವರನ್ನು ನಾವು ನಿಜವಾಗಿ ಬರಮಾಡಿಕೊಂಡೆವೆ? ಬರಬೇಕಾಗಿದ್ದವರೆಲ್ಲ ಬಂದರೆ? ಬೆಂಗಳೂರಿನ ಉತ್ತರ ಭಾಗವನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಸ್ವಲ್ಪ ವಿಚಾರಿಸಬಹುದೆಂದು ತೋರುತ್ತದೆ.

ಮಕ್ಕಳನ್ನು ಶಾಲೆಗೆ ಸೇರಿಸುವುದು ರಾಜ್ಯದ ಹೊಣೆ ಎಂಬ ಭಾವನೆ ನಮ್ಮಲ್ಲಿ ಹೊಸದಲ್ಲ. ಶಾಸನಗಳ ಸಂಗ್ರಹಕಾರರೆಂದು ಕನ್ನಡಿಗರೆಲ್ಲರೂ ನೆನೆಯುವ ಬಿ. ಎಲ್. ರೈಸ್ ಅವರು ೧೮೬೮ರಲ್ಲಿಯೇ ಮೈಸೂರು ಸೀಮೆಯ ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು ಮುಂದಿಟ್ಟರು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೩ರಲ್ಲಿ, ಆರಿಸಿದ ಕೆಲವೆಡೆಗಳಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡುವ ಕಾಯಿದೆ ಬಂದಿತು. ರಾಜ್ಯದ ಏಕೀಕರಣದ ಮೇಲೆ ೧೯೬೧ರಲ್ಲಿ ಮತ್ತೊಂದು ಕಾಯಿದೆ. ಇವೆಲ್ಲವುಗಳಲ್ಲಿ ‘ಕಡ್ಡಾಯ’ ಎಂಬ ಮಾತಿನ ಮೊನೆ ತಾಯ್ತಂದೆಗಳ ಕಡೆಗೆ ತಿರುಗಿತ್ತು: ಮಗುವನ್ನು ಕಳುಹಿಸುವುದು ನಿಮ್ಮ ಕರ್ತವ್ಯ, ಕಳುಹಿಸದಿದ್ದರೆ ನೀವು ತಪ್ಪಿತಸ್ಥರು. ೨೦೦೯ರಲ್ಲಿ ಸಂಸತ್ತು ಅಂಗೀಕರಿಸಿ, ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಆ ಮೊನೆಯನ್ನು ತಿರುಗಿಸಿಬಿಟ್ಟಿತು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಸ್ಥಳ ಕೊಡುವುದು, ಅದು ಬರುವಂತೆ ನೋಡಿಕೊಳ್ಳುವುದು, ಬಂದುದು ಕಲಿತು ಮುಗಿಸುವಂತೆ ಮಾಡುವುದು ಸರ್ಕಾರದ ಮೇಲಣ ಕಡ್ಡಾಯ. ಆದಕಾರಣ ಈಗ ಶಾಲೆಯ ಬಾಗಿಲಲ್ಲಿ ನಿಂತ ತಾಯಿ ಅರ್ಜಿದಾರಳಲ್ಲ, ಹಕ್ಕುದಾರಳು. ಕಾಯಿದೆಯ ಪುಸ್ತಕದಲ್ಲಿ ಈ ಪರಿವರ್ತನೆ ಒಂದು ದಿನದಲ್ಲಿ ಆಯಿತು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಆಗುವುದಕ್ಕೆ ಇನ್ನೂ ಕಾಲ ಹಿಡಿಯುತ್ತಿದೆ.

ಉತ್ತರ ಬೆಂಗಳೂರು ಬಂದವರನ್ನು ಸೇರಿಸಿಕೊಂಡು ಬೆಳೆದ ಸೀಮೆ. ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ೭೫೦ನೆಯ ಇಸವಿಯದು. ಊರಿಗಾಗಿ ಕಾದಿ ಮಡಿದವನ ಹೆಸರನ್ನು ಕನ್ನಡ ಅಕ್ಷರದಲ್ಲಿ ಕಲ್ಲಿನ ಮೇಲೆ ಬರೆದಿಟ್ಟ ನೆಲ ಇದು. ಯಲಹಂಕ, ನಾಡಪ್ರಭುಗಳು ಆಳಿದ ಊರು. ಆಮೇಲೆ ಕೃಷಿ ವಿದ್ಯಾಲಯ, ಜಾಲಹಳ್ಳಿಯ ಕಾರ್ಖಾನೆಗಳು, ಯಶವಂತಪುರದ ಮಾರುಕಟ್ಟೆ ಪ್ರಾಂಗಣ, ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಬಂದವು. ೨೦೦೭ರಲ್ಲಿ ಯಲಹಂಕ, ಬ್ಯಾಟರಾಯನಪುರದ ನಗರಸಭೆಗಳು ಮಹಾನಗರ ಪಾಲಿಕೆಯಲ್ಲಿ ಸೇರಿಹೋದವು. ಮರುವರ್ಷ, ೨೦೦೮ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದೀಚೆಗೆ ಬಳ್ಳಾರಿ ರಸ್ತೆಯ ಎಡಬಲಗಳಲ್ಲಿ ಆದ ಬದಲಾವಣೆಯನ್ನು ಕಣ್ಣಿದ್ದವರೆಲ್ಲರೂ ಕಂಡಿದ್ದಾರೆ. ರಾಗಿಯ ಹೊಲ, ದ್ರಾಕ್ಷಿಯ ತೋಟಗಳಿದ್ದಲ್ಲಿ ಹತ್ತು ಹದಿನೈದು ಅಂತಸ್ತಿನ ಮನೆಗಳು ಎದ್ದವು. ಈ ಗದ್ದಲದ ನಡುವೆ ಹಳೆಯ ಹಳ್ಳಿಯ ಗುರುತಾಗಿ ಉಳಿದಿರುವುವು ಮೂರು: ಊರ ಗುಡಿ, ಒಂದು ಅರಳಿಕಟ್ಟೆ, ಮತ್ತು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೆಯ ತರಗತಿಯವರೆಗೆ, ಕೆಲವೆಡೆ ಎಂಟರವರೆಗೆ, ಪಾಠ ಹೇಳುವ ಈ ಶಾಲೆಗಳು ಹಿಂದೆ ಪ್ರೈಮರಿ ಮತ್ತು ಮಿಡ್ಲ್ ಸ್ಕೂಲುಗಳು ಮಾಡುತ್ತಿದ್ದ ಕೆಲಸಗಳೆರಡನ್ನೂ ಒಂದೇ ಸೂರಿನಡಿ ನಡೆಸುತ್ತವೆ.

ಶಾಲೆ ಅಲ್ಲಿಯೇ ಇದೆ. ಅದರೊಳಗೆ ಕುಳಿತವರು ಮಾತ್ರ ಬದಲಾಗಿದ್ದಾರೆ. ಇದೇ ಶಾಲೆಯಲ್ಲಿ ಓದಿದ ಹಳಬರ ಮೊಮ್ಮಕ್ಕಳು ಬೆಳಿಗ್ಗೆ ಹಳದಿ ಬಸ್ಸನ್ನೇರಿ ಬೇರೆಡೆಗೆ ಹೋಗುತ್ತಾರೆ. ಅವರು ಬಿಟ್ಟುಹೋದ ಮಣೆಯ ಮೇಲೆ ಕಟ್ಟಡದ ಕೂಲಿಗೆಂದು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಬಂದವರ ಮಕ್ಕಳು, ಗೌರಿಬಿದನೂರು, ಹಿಂದೂಪುರದ ಕಡೆಯಿಂದ ತೆಲುಗು ನುಡಿಯುತ್ತ ಬಂದವರ ಮಕ್ಕಳು, ಯಶವಂತಪುರದ ಹಮಾಲರ ಮಕ್ಕಳು, ಮನೆಗೆಲಸದವರ, ಕಾವಲುಗಾರರ ಮಕ್ಕಳು, ಬಿಹಾರ ಒಡಿಶಾಗಳಿಂದ ಬಂದವರ ಮಕ್ಕಳು ಕುಳಿತಿದ್ದಾರೆ. ಈ ನಗರವನ್ನು ಕಟ್ಟುತ್ತಿರುವವರ ಮಕ್ಕಳ ಶಾಲೆ ಇದು ಎಂದರೆ ಅತಿಶಯೋಕ್ತಿಯಾಗಲಾರದು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಪ್ರಾರಂಭೋತ್ಸವ ಮುಗಿದು ಎರಡು ತಿಂಗಳಾಗಿದೆ. ಥಣಿಸಂದ್ರದ ಕಡೆಯ ಒಂದು ಕಟ್ಟಡದ ಶೆಡ್ಡಿನಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದಾಳೆ. ಆ ದಿನದ ಕೂಲಿಯನ್ನು ಬಿಟ್ಟು ಬಂದಿದ್ದಾಳೆ. “ಸರ, ನಮ್ಮ ಹುಡುಗನ್ನ ಸಾಲಿಗೆ ಹಚ್ಚಬೇಕ್ರಿ” ಎನ್ನುತ್ತಾಳೆ. “ಟಿ.ಸಿ. ತಂದಿದ್ದೀರೇನಮ್ಮ?” ಎಂದು ಪ್ರಶ್ನೆ. “ಇಲ್ರಿ ಸರ, ಊರಾಗ ಐತ್ರಿ.” ಇಲ್ಲಿಂದ ಮುಂದೆ ಕಥೆ ಎರಡು ದಾರಿಗಳಲ್ಲಿ ಸಾಗಬಲ್ಲದು. “ತೆಗೆದುಕೊಂಡು ಬನ್ನಿ, ಆಮೇಲೆ ನೋಡೋಣ” ಎಂದರೆ ಅವಳು ತಲೆಯಾಡಿಸಿ ಹೊರಡುತ್ತಾಳೆ. ಯಾದಗಿರಿಗೆ ಹೋಗಿಬರಲು ರೈಲಿನ ಖರ್ಚು, ನಾಲ್ಕು ದಿನದ ಕೂಲಿ. ಅವಳು ಮತ್ತೆ ಬರುವುದಿಲ್ಲ. ಹುಡುಗ ತಂಗಿಯನ್ನು ನೋಡಿಕೊಳ್ಳುತ್ತ ಮರಳಿನ ರಾಶಿಯ ಬಳಿ ಉಳಿಯುತ್ತಾನೆ. ಯಾರೂ ಅವನನ್ನು ನಿರಾಕರಿಸಲಿಲ್ಲ. ಆದರೂ ಅವನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. “ಕೂತುಕೊಳ್ಳಿ ಅಮ್ಮ, ಹುಡುಗ ಇವತ್ತೇ ತರಗತಿಗೆ ಹೋಗಲಿ, ಕಾಗದವನ್ನು ನಾವು ತರಿಸಿಕೊಳ್ಳುತ್ತೇವೆ” ಎಂಬುದು ಎರಡನೆಯ ದಾರಿ.

ಎರಡನೆಯ ದಾರಿ ಉಪಾಧ್ಯಾಯರ ಔದಾರ್ಯವೆಂದು ತಿಳಿಯಬೇಕಾಗಿಲ್ಲ, ಅದೇ ಕಾಯಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ತಡೆಯಕೂಡದೆಂದು ಅದರ ೫ನೆಯ ವಿಧಿ ಹೇಳುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂದು ಹಿಂದಕ್ಕೆ ಕಳುಹಿಸಕೂಡದೆಂದು ೧೪ನೆಯದು, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕೆಂದು ೧೫ನೆಯದು, ಓದು ಬಿಟ್ಟಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಕೂರಿಸಿ ಹಿಂದುಳಿದ ಪಾಠವನ್ನು ವಿಶೇಷವಾಗಿ ಕಲಿಸಬೇಕೆಂದು ೪ನೆಯದು ವಿಧಿಸುತ್ತವೆ. ಆದರೆ ಮುಖ್ಯೋಪಾಧ್ಯಾಯರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಈಗ ಪ್ರತಿ ಮಗುವಿಗೂ ಇಲಾಖೆಯ ಗಣಕದಲ್ಲಿ ಒಂದು ಸಂಖ್ಯೆಯುಂಟು. ಹಳೆಯ ಶಾಲೆ ಆ ಸಂಖ್ಯೆಯನ್ನು ಬಿಟ್ಟುಕೊಡುವವರೆಗೆ ಹೊಸ ಶಾಲೆಯ ಲೆಕ್ಕದಲ್ಲಿ ಆ ಮಗು ಇಲ್ಲ. ಪುಸ್ತಕ, ಸಮವಸ್ತ್ರ, ಊಟ ಬರುವುದು ಲೆಕ್ಕದ ಮೇಲೆ. ಕಣ್ಣೆದುರು ಕುಳಿತ ಮಗು ಲೆಕ್ಕದಲ್ಲಿ ಇಲ್ಲದಿದ್ದರೆ, ಅದನ್ನು ಕೂರಿಸಿಕೊಂಡ ಉಪಾಧ್ಯಾಯರೇ ಉತ್ತರ ಹೇಳಬೇಕಾಗುತ್ತದೆ. ಕಾಯಿದೆ ಮಗುವನ್ನು ಒಳಕ್ಕೆ ಕರೆಯುತ್ತದೆ, ಕಾಗದ ಹೊರಗೆ ನಿಲ್ಲಿಸುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡ ಉಪಾಧ್ಯಾಯರನ್ನು ದೂರುವುದು ಸುಲಭ. ಕಾಗದವನ್ನು ಸಡಿಲಿಸುವುದು ಮೇಲಿನವರ ಕೆಲಸ.

ಹುಡುಗ ತರಗತಿಯೊಳಗೆ ಹೋದನೆಂದು ಇಟ್ಟುಕೊಳ್ಳೋಣ. ಅಲ್ಲಿ ಇನ್ನೊಂದು ಹೊಸ್ತಿಲಿದೆ, ಅದು ಮಾತಿನದು. ಅವನ ‘ಸಾಲಿ’ ಇಲ್ಲಿ ‘ಇಸ್ಕೂಲು’. ಅವನು ‘ಐತಿ’ ಎಂದರೆ ಪಕ್ಕದವರು ನಗುತ್ತಾರೆ. ಅವನದೂ ಕನ್ನಡವೇ, ಪುಸ್ತಕದ್ದೂ ಕನ್ನಡವೇ; ಆದರೂ ಮೊದಲ ವಾರ ಅವನು ಬಾಯಿ ಬಿಡುವುದಿಲ್ಲ. ತೆಲುಗಿನ, ಉರ್ದುವಿನ, ಒಡಿಯಾದ ಮನೆಯಿಂದ ಬಂದ ಮಗುವಿನ ಮೌನ ಇನ್ನೂ ದೀರ್ಘವಾದುದು. ಕನ್ನಡದ ರಕ್ಷಣೆಯ ಮಾತನ್ನು ಸಭೆಗಳಲ್ಲಿ ಆಡುವ ನಾವು ಒಂದು ಸಂಗತಿಯನ್ನು ಮನಗಾಣಬೇಕು: ಹೊರನಾಡಿನ ಕೂಲಿಕಾರರ ಮಕ್ಕಳು ಈ ನಗರದಲ್ಲಿ ಕನ್ನಡವನ್ನು ಅಕ್ಷರ ಸಮೇತ ಕಲಿಯುವ ಸ್ಥಳ ಬಹುಮಟ್ಟಿಗೆ ಈ ಸರ್ಕಾರಿ ಶಾಲೆಯೊಂದೇ. ಆ ಮಗುವಿನ ಮನೆಮಾತಿನ ನಾಲ್ಕು ಪದಗಳನ್ನು ಉಪಾಧ್ಯಾಯಿನಿ ಕಲಿತುಕೊಂಡರೆ, ಅದು ಕನ್ನಡದ ನಾಲ್ಕುನೂರು ಪದಗಳನ್ನು ತಾನಾಗಿ ಕಲಿಯುತ್ತದೆ. ಹಾಗೆ ಕಲಿಸುತ್ತಿರುವ ಉಪಾಧ್ಯಾಯರು ಅನೇಕರಿದ್ದಾರೆ. ಅವರಿಗೆ ರಾಜ್ಯೋತ್ಸವದ ಶಾಲು ಸಿಗುವುದು ಅಪರೂಪ.

ಊಟದ ಪಂಕ್ತಿಯೂ ಬರಮಾಡಿಕೊಳ್ಳುವ ಒಂದು ರೀತಿಯೇ. ಬೇಯಿಸಿದ ಅನ್ನವನ್ನೇ ಶಾಲೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೦೧ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ನಮ್ಮ ರಾಜ್ಯದ ಅಕ್ಷರ ದಾಸೋಹ ಮರುವರ್ಷವೇ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಕ್ರಮೇಣ ಎಲ್ಲೆಡೆಗೂ ಹಬ್ಬಿತು. ೨೦೧೩ರಿಂದ ಹಾಲು, ಆಮೇಲೆ ಮೊಟ್ಟೆ ಸೇರಿದವು. ಹಳ್ಳಿಯ ಶಾಲೆಯಲ್ಲಿ ಅಡುಗೆ ಮಾಡುವವರು ಆ ಊರಿನ ಹೆಂಗಸರೇ. ಅವರ ಮೂಲಕ ಊರು ಪ್ರತಿದಿನ ಶಾಲೆಯೊಳಗೆ ಬಂದುಹೋಗುತ್ತದೆ. ಉಪಾಧ್ಯಾಯರು ಬಂದರೋ ಇಲ್ಲವೋ, ಯಾವ ಮಗು ಉಣ್ಣಲಿಲ್ಲ, ಎಲ್ಲವೂ ಸಂಜೆಗೆ ಮನೆಮನೆಗೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ಊಟ ಬಹುಮಟ್ಟಿಗೆ ದೂರದ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ. ಶುಚಿಯಾಗಿ, ಹೊತ್ತಿಗೆ ಸರಿಯಾಗಿ ಬರಬಹುದು. ಆದರೆ ನೆರೆಹೊರೆಗೂ ಶಾಲೆಗೂ ನಡುವೆ ಇದ್ದ ಆ ನೂಲು ಇಲ್ಲಿಲ್ಲ. ನಗರದ ಶಾಲೆ ಬೇರೆ ನೂಲನ್ನು ಹುಡುಕಿಕೊಳ್ಳಬೇಕಾಗಿದೆ.

ಇನ್ನು ಬಾರದವರ ವಿಚಾರ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ ೧೯೬೪ರಿಂದ ೧೯೬೬ರವರೆಗೆ ದೇಶವನ್ನೆಲ್ಲ ಸುತ್ತಿ, ‘ನೆರೆಹೊರೆಯ ಶಾಲೆ’ ಎಂಬ ಆದರ್ಶವನ್ನು ಮುಂದಿಟ್ಟಿತು. ಒಂದು ಬಡಾವಣೆಯ ಮಕ್ಕಳೆಲ್ಲರೂ, ಜಾತಿ ಮತ ಸಿರಿತನಗಳ ಭೇದವಿಲ್ಲದೆ, ಆ ಬಡಾವಣೆಯ ಒಂದೇ ಶಾಲೆಯಲ್ಲಿ ಕಲಿಯಬೇಕು ಎಂಬುದು ಅದರ ತಾತ್ಪರ್ಯ. ಉಳ್ಳವರ ಮಕ್ಕಳು ಅಲ್ಲಿದ್ದರೆ ಶಾಲೆಯ ಸೂರು ಸೋರುವುದನ್ನು ಕೇಳುವವರಿರುತ್ತಾರೆ ಎಂಬುದು ಅದರ ಹಿಂದಿನ ವ್ಯವಹಾರಜ್ಞಾನ. ಆದರ್ಶ ಕಡತದಲ್ಲಿ ಉಳಿಯಿತು. ೨೦೧೨ರಿಂದ ನಮ್ಮ ರಾಜ್ಯದಲ್ಲಿ ಖಾಸಗಿ ಶಾಲೆಗಳ ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನು ಬಡಮಕ್ಕಳಿಗೆ ಕೊಡಿಸಿ, ಅದರ ಶುಲ್ಕವನ್ನು ಸರ್ಕಾರವೇ ತೆರುವ ಪದ್ಧತಿ ಬಂತು. ಉದ್ದೇಶ ಒಳ್ಳೆಯದೇ, ಆದರೆ ತನ್ನ ಶಾಲೆಗಿಂತ ಪಕ್ಕದವನ ಶಾಲೆ ಮೇಲೆಂದು ಸರ್ಕಾರವೇ ಹೇಳಿದಂತಾಯಿತು. ೨೦೧೯ರಲ್ಲಿ ನಿಯಮವನ್ನು ತಿದ್ದಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಬಾಧ್ಯತೆಯಿಲ್ಲವೆಂದರು; ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಬಡವರ ಮಗು ಮತ್ತೆ ನೆರೆಯ ಸರ್ಕಾರಿ ಶಾಲೆಗೆ ಬಂದಿದೆ, ಉಳ್ಳವರ ಮಗು ಬಂದಿಲ್ಲ. ನೆರೆಹೊರೆಯ ನಿಯಮ ನೆರೆಹೊರೆಯ ಅರ್ಧದ ಮೇಲೆ ಮಾತ್ರ ಬಿದ್ದಿತು.

ಬಾರದವರು ಹೇಳುವ ಕಾರಣ ಒಂದೇ ಮಾತಿನದು: ಇಂಗ್ಲಿಷು. ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿಯ ಅಥವಾ ಕನ್ನಡದ ಮಾಧ್ಯಮವನ್ನು ಕಡ್ಡಾಯ ಮಾಡಿದ ೧೯೯೪ರ ಆಜ್ಞೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ೨೦೧೪ರ ಮೇ ೬ರಂದು ತಳ್ಳಿಹಾಕಿತು. ಸರ್ಕಾರ ೨೦೧೯ರಲ್ಲಿ ತನ್ನದೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಚಂದ್ರಶೇಖರ ಕಂಬಾರರು ಮೊದಲಾದ ಸಾಹಿತಿಗಳು ವಿರೋಧಿಸಿದರು. ಆದರೆ ಅಂಥ ವಿಭಾಗವಿದ್ದಲ್ಲಿ ತಾಯ್ತಂದೆಗಳು ಸಾಲುಗಟ್ಟಿ ನಿಂತರು. ಇಲ್ಲಿ ಎರಡೂ ಕಡೆ ಸತ್ಯವುಂಟು. ಮನೆಯಲ್ಲಿ ಕೇಳದ ಭಾಷೆಯಲ್ಲಿ ಲೆಕ್ಕವನ್ನೂ ಲೋಕವನ್ನೂ ಕಲಿಯತೊಡಗಿದ ಮಗು ಎರಡನ್ನೂ ಅರೆಬರೆ ಕಲಿಯುತ್ತದೆ ಎಂಬುದು ಅನುಭವ. ಇಂಗ್ಲಿಷ್ ಬಾರದ ತಾನು ಮನೆಗೆಲಸಕ್ಕೆ ಹೋಗುತ್ತೇನೆ, ಬರುವ ಮನೆಯೊಡತಿ ಕಾರಿನಲ್ಲಿ ಹೋಗುತ್ತಾಳೆ ಎಂದು ತಾಯಿ ಕಂಡುಕೊಂಡುದೂ ಅನುಭವವೇ. ನಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿ ಅವಳಿಗೆ ಮಾತ್ರ ತಾಯ್ನುಡಿಯ ಮಹಿಮೆಯನ್ನು ಬೋಧಿಸಿದರೆ ಅವಳು ಹೇಗೆ ನಂಬಿಯಾಳು? ಫಲಕದ ಮೇಲೆ ‘ಇಂಗ್ಲಿಷ್ ಮಾಧ್ಯಮ’ ಎಂದು ಬರೆದ ಮಾತ್ರಕ್ಕೆ, ಆ ಭಾಷೆಯಲ್ಲಿ ಪಾಠ ಹೇಳಲು ತರಬೇತಿಯಿಲ್ಲದ ಉಪಾಧ್ಯಾಯರ ಬೋಧನೆ ಬದಲಾಗದು ಎಂಬುದೂ ಅಷ್ಟೇ ನಿಜ. ಈ ಲೇಖಕನಿಗೆ ತೋರುವ ದಾರಿ ಇದು: ಪಾಠ ತಿಳಿಯುವ ಭಾಷೆಯಲ್ಲಿರಲಿ, ಇಂಗ್ಲಿಷನ್ನು ಒಂದು ಭಾಷೆಯಾಗಿ, ಅದನ್ನು ಬಲ್ಲ ಉಪಾಧ್ಯಾಯರಿಂದ, ಒಂದನೆಯ ತರಗತಿಯಿಂದ ಚೆನ್ನಾಗಿ ಕಲಿಸಲಿ. ಸರ್ಕಾರಿ ಶಾಲೆಯಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ೨೦೦೭ರಿಂದಲೇ ಇದೆ. ‘ಚೆನ್ನಾಗಿ’ ಎಂಬುದೊಂದು ಮಾತ್ರ ಬಾಕಿ. ಸುಖದೇವ್ ಥೋರಟ್ ಅವರ ಆಯೋಗ ೨೦೨೫ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯೂ ಐದನೆಯ ತರಗತಿಯವರೆಗೆ ಕನ್ನಡ ಅಥವಾ ತಾಯ್ನುಡಿಯ ಮಾಧ್ಯಮದ ಪರವಾಗಿದೆ. ವರದಿಗಳಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ.

ಬಂದವರನ್ನು ಉಳಿಸಿಕೊಳ್ಳುವುದು ಕರೆಯುವುದಕ್ಕಿಂತ ಕಷ್ಟವೆಂಬುದಕ್ಕೆ ಇತ್ತೀಚಿನ ನಿದರ್ಶನವೇ ಸಾಕು. ಮಹಾಮಾರಿಯ ಕಾಲದಲ್ಲಿ, ೨೦೨೦ರ ಆಗಸ್ಟಿನಲ್ಲಿ, ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ವೆಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಉಪಾಧ್ಯಾಯರು ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ, ಮಕ್ಕಳಿದ್ದೆಡೆಗೇ ಹೋಗಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಆ ಎರಡು ತಿಂಗಳು ಉಪಾಧ್ಯಾಯರು ಮಕ್ಕಳ ಮನೆಗಳನ್ನು ಕಂಡರು. ಮನೆಯವರು ಉಪಾಧ್ಯಾಯರನ್ನು ಕಂಡರು. ಮರುವರ್ಷ ಕೆಲಸ ಕಳೆದುಕೊಂಡ, ಖಾಸಗಿ ಶಾಲೆಯ ಶುಲ್ಕ ಕಟ್ಟಲಾರದ ಅನೇಕ ಸಂಸಾರಗಳು ಸರ್ಕಾರಿ ಶಾಲೆಗೆ ಬಂದವು, ದಾಖಲಾತಿ ಏರಿತು. ಕೈಯಲ್ಲಿ ಕಾಸಾಡಿದ ಕೂಡಲೆ ಬಹುಮಂದಿ ಹಿಂದಿರುಗಿದರು, ಏರಿಕೆ ಇಳಿಯಿತು. ಕಷ್ಟ ತಂದ ಅತಿಥಿಗಳನ್ನು ಸುಖದಲ್ಲಿಯೂ ಉಳಿಯುವಂತೆ ಮಾಡುವ ಅವಕಾಶ ನಮ್ಮ ಕೈಗೆ ಬಂದಿತ್ತು. ತರಗತಿಗೊಬ್ಬ ಉಪಾಧ್ಯಾಯರಿಲ್ಲದ, ಗಣತಿ ಚುನಾವಣೆಗಳಿಗೆ ಇರುವವರನ್ನೂ ಕಳುಹಿಸುವ, ಅತಿಥಿ ಉಪಾಧ್ಯಾಯರ ಭರವಸೆಯ ಮೇಲೆ ವರ್ಷ ದೂಡುವ ಶಾಲೆ ಆ ಅವಕಾಶವನ್ನು ಹೇಗೆ ಬಳಸಿಕೊಂಡೀತು?

ಮಕ್ಕಳು ಕಡಮೆಯಾದರೆ ಶಾಲೆಗಳನ್ನು ಒಂದಕ್ಕೊಂದು ಸೇರಿಸುವ ಮಾತು ಏಳುತ್ತದೆ. ಒಂದರಿಂದ ಐದನೆಯ ತರಗತಿಯ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂದು ಕೇಂದ್ರದ ನಿಯಮ. ನಕಾಶೆಯಲ್ಲಿ ಆ ಒಂದು ಕಿಲೋಮೀಟರನ್ನು ಅಳೆಯುವುದು ಸುಲಭ. ಹೆಬ್ಬಾಳದ ಮೇಲುಸೇತುವೆಯ ಕೆಳಗೆ, ವಿಮಾನ ನಿಲ್ದಾಣಕ್ಕೆ ಓಡುವ ವಾಹನಗಳ ನಡುವೆ, ಏಳು ವರ್ಷದ ಹುಡುಗಿಯೊಬ್ಬಳು ಅದನ್ನು ನಡೆದು ದಾಟಬೇಕಾದಾಗ ಅಳತೆ ಬೇರೆಯಾಗುತ್ತದೆ. ನೆರೆ ಎಂಬುದನ್ನು ಮಗುವಿನ ಕಾಲಿನಿಂದ ಅಳೆಯಬೇಕೇ ಹೊರತು ಕಚೇರಿಯ ಅಳತೆಗೋಲಿನಿಂದಲ್ಲ.

ಹಾಗಾದರೆ ಮಾಡಬಹುದಾದುದೇನು? ದೊಡ್ಡ ಯೋಜನೆಗಳನ್ನು ಸರ್ಕಾರಕ್ಕೆ ಬಿಟ್ಟು, ಕೈಗೆಟಕುವ ಒಂದೆರಡನ್ನು ಹೇಳಬಹುದು. ನಮ್ಮ ರಾಜ್ಯದಲ್ಲಿ ೨೦೦೧ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ೨೦೦೯ರ ಕಾಯಿದೆಯಂತೆ ಅಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಾಯ್ತಂದೆಗಳಾಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆದರೆ ಸಭೆ ಕೆಲಸದ ದಿನ ಹನ್ನೊಂದು ಗಂಟೆಗೆ ಕೂಡಿದರೆ ಕೂಲಿಯ ತಾಯಿ ಬರಲಾರಳು. ಬಂದರೆ ಅಂದಿನ ಅನ್ನ ಕಳೆದುಕೊಳ್ಳುತ್ತಾಳೆ. ಭಾನುವಾರದ ಬೆಳಿಗ್ಗೆಯೋ, ಸಂಜೆಯ ಆರು ಗಂಟೆಯೋ ಸೇರಿದರೆ ಯಾವ ಕಾಯಿದೆಯೂ ಮುರಿದುಬೀಳದು. ಅವಳಿಗೆ ಕುಳಿತುಕೊಳ್ಳಲು ಕುರ್ಚಿ ಕೊಟ್ಟು, ಹಾಜರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೆ ಮೊದಲು ಅವಳ ಮಾತನ್ನು ಕೇಳಿದರೆ ಸಮಿತಿಗೆ ಜೀವ ಬಂದೀತು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಉಪಾಧ್ಯಾಯರು ಮಕ್ಕಳ ಮನೆಮನೆಗೆ ಹೋಗಿ ಬರುವ ವಾಡಿಕೆ ಬಹುಕಾಲ ನಡೆದುಬಂದಿದೆ. ನಮ್ಮಲ್ಲಿಯೂ ವಿದ್ಯಾಗಮದ ಎರಡು ತಿಂಗಳು ಅದು ಸಾಧ್ಯವೆಂದು ತೋರಿಸಿದೆ. ಲೆಕ್ಕಪತ್ರದ ಹೊರೆಯಲ್ಲಿ ಸ್ವಲ್ಪವನ್ನು ಇಳಿಸಿದರೆ ಉಪಾಧ್ಯಾಯರು ಹೋಗದಿರಲಾರರು. ಹೊರರಾಜ್ಯದ, ದೂರದ ಜಿಲ್ಲೆಯ ಮಗುವಿನ ಹಳೆಯ ಶಾಲೆಗೆ ಪತ್ರ ಬರೆಯುವ ಕೆಲಸವನ್ನು ತಾಲ್ಲೂಕಿನ ಶಿಕ್ಷಣ ಕಚೇರಿ ವಹಿಸಿಕೊಂಡರೆ, ಆಗಸ್ಟಿನ ಬೆಳಿಗ್ಗೆಯ ಆ ತಾಯಿ ಹಿಂದಿರುಗಿ ಹೋಗಬೇಕಾಗಿಲ್ಲ.

ನೆರೆಹೊರೆಯವರಾದ ನಮಗೂ ಒಂದು ಪಾಲು ಇದೆ. ಅಧಿಕಾರಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸಬೇಕೆಂದು ಅಲಹಾಬಾದಿನ ಹೈಕೋರ್ಟು ೨೦೧೫ರ ಆಗಸ್ಟಿನಲ್ಲಿ ಆಜ್ಞೆ ಮಾಡಿದಾಗ ದೇಶವೆಲ್ಲ ಚಪ್ಪಾಳೆ ತಟ್ಟಿತು. ಆಜ್ಞೆ ಅಲ್ಲಿಗೇ ನಿಂತಿತು. ಬಲವಂತದಿಂದ ಆಗದ ಕೆಲಸ ಇದು. ಆದರೆ ಎತ್ತರದ ಮನೆಗಳಲ್ಲಿರುವವರು ಪಕ್ಕದ ಶಾಲೆಯ ಗೇಟನ್ನು ವರ್ಷಕ್ಕೊಮ್ಮೆಯಾದರೂ ದಾಟಿ, ಶನಿವಾರ ಒಂದು ಗಂಟೆ ಮಕ್ಕಳಿಗೆ ಕಥೆ ಓದಿಹೇಳುವುದು, ನಿಂತುಹೋದ ನಲ್ಲಿಗಾಗಿ ಪಾಲಿಕೆಗೆ ಒಂದು ಕಾಗದ ಬರೆಯುವುದು ಬಲವಂತದ ಕೆಲಸವಲ್ಲ. ಬಾಗಿಲನ್ನು ಶಾಲೆ ಒಳಗಿನಿಂದ ತೆರೆಯಬೇಕು, ನಿಜ; ಹೊರಗಿನಿಂದ ತಟ್ಟುವವರೂ ಇರಬೇಕು.

ಉತ್ತರ ಬೆಂಗಳೂರಿನ ಆರ್. ಟಿ. ನಗರದ ಹೆಸರಿನಲ್ಲಿ ಎರಡು ಅಕ್ಷರಗಳಾಗಿ ಅಡಗಿರುವವರು ರವೀಂದ್ರನಾಥ ಠಾಕೂರರು. ಅಲ್ಲಿನ ನಿವಾಸಿಗಳಲ್ಲಿ ಇದನ್ನು ನೆನೆಯುವವರು ಎಷ್ಟು ಜನವೋ! ಬಾಲ್ಯದಲ್ಲಿ ಶಾಲೆಯ ಗೋಡೆಗಳನ್ನು ತಾಳಲಾರದೆ ಓದು ಬಿಟ್ಟ ಆ ಕವಿ, ೧೯೦೧ರಲ್ಲಿ ಶಾಂತಿನಿಕೇತನದ ಮರಗಳ ಕೆಳಗೆ ತಾವೇ ಒಂದು ಶಾಲೆಯನ್ನು ತೆರೆದರು. ಮಗು ಓಡಿಹೋಗದಂಥ ಶಾಲೆ ಯಾವುದೆಂದು ಓಡಿಹೋದವರಿಗಲ್ಲದೆ ಮತ್ತಾರಿಗೆ ತಿಳಿದೀತು? ನಮ್ಮ ಶಾಲೆಗಳ ಸುತ್ತ ಮರಗಳಿಲ್ಲದಿರಬಹುದು, ಅಂಗಳವೂ ಕಿರಿದಾಗಿರಬಹುದು. ಅಷ್ಟಾದರೂ ಮುಂದಿನ ಜೂನಿನಲ್ಲಿ ತೋರಣ ಕಟ್ಟುವಾಗ, ಹಿಂದಿನ ಜೂನಿನಲ್ಲಿ ಹೂವು ಹಿಡಿದು ಒಳಗೆ ಬಂದ ಮಕ್ಕಳಲ್ಲಿ ಎಷ್ಟು ಮಂದಿ ಎರಡನೆಯ ತರಗತಿಯಲ್ಲಿ ಕುಳಿತಿದ್ದಾರೆ, ಇಲ್ಲದವರು ಎಲ್ಲಿಗೆ ಹೋದರು ಎಂದು ಒಮ್ಮೆ ಹಾಜರಿ ಪುಸ್ತಕವನ್ನು ತಿರುವಿ ನೋಡಬಹುದು. ಆಗಸ್ಟಿನಲ್ಲಿ ಬಂದ ಆ ಹುಡುಗನ ಹೆಸರೂ ಅದರಲ್ಲಿದ್ದರೆ ಉತ್ಸವ ಸಾರ್ಥಕವಾಯಿತೆಂದು ತಿಳಿಯೋಣ.